ಹಿಂದೂಪುರವೋ, ಶಿಡ್ಲಘಟ್ಟವೋ?

ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಏರಿದ ಐದಾರನೆಯ ದಿನ ಆಂಧ್ರದ ಗೋರಂಟ್ಲ ಸೀಮೆಯ ಸಾಕಣೆಮನೆಗಳಲ್ಲಿ ಯಾರಿಗೂ ಕೈಬಿಡುವಿರುವುದಿಲ್ಲ. ಹೆಂಗಸರು ಸಾಲಾಗಿ ಕೂತು ಗೂಡು ಬಿಡಿಸುತ್ತಾರೆ. ಗಟ್ಟಿ ಗೂಡು ಒಂದು ಕಡೆ. ಜಾಳಾದದ್ದು, ಕಲೆ ಬಿದ್ದದ್ದು, ಎರಡು ಹುಳ ಸೇರಿ ಕಟ್ಟಿದ ಜೋಡಿ ಗೂಡು ಇನ್ನೊಂದು ಕಡೆ. ಒಣಗಿದ ಸೊಪ್ಪಿನ ವಾಸನೆಗೆ ಸುಣ್ಣದ ಘಾಟು ಬೆರೆತಿರುತ್ತದೆ. ಬಾಗಿಲಾಚೆ ಕಟಾವಾದ ಹಿಪ್ಪುನೇರಳೆ ಕಡ್ಡಿಗಳು, ಅವುಗಳ ಹಿಂದೆ ಬಂಡೆಗುಡ್ಡ. ಅಂಗಳದ ಮಾತು ತೆಲುಗಿನಲ್ಲಿ ಶುರುವಾಗಿ, ಲೆಕ್ಕಕ್ಕೆ ಬಂದಾಗ ಕನ್ನಡಕ್ಕೆ ಹೊರಳಿ, ಮತ್ತೆ ತೆಲುಗಿಗೆ ಮರಳುತ್ತದೆ. ಕೇಳುವುದು ಮಾತ್ರ ಒಂದೇ: ಗೂಡು ಎಲ್ಲಿಗೆ ಒಯ್ಯೋಣ?

ಹತ್ತಿರದ್ದು ಹಿಂದೂಪುರದ ಮಾರುಕಟ್ಟೆ. ಪಾಲಸಮುದ್ರಂ ಹಾದು, ಕೊಡಿಕೊಂಡ ಚೆಕ್‌ಪೋಸ್ಟ್ ದಾಟಿದರೆ ಕರ್ನಾಟಕದ ಬಾಗೇಪಲ್ಲಿ, ಚಿಕ್ಕಬಳ್ಳಾಪುರ, ಆಮೇಲೆ ಶಿಡ್ಲಘಟ್ಟ. ಇನ್ನೂ ದೂರ ಹೋಗುವ ಧೈರ್ಯವಿದ್ದವರಿಗೆ ಬೆಂಗಳೂರಿನಾಚೆ ರಾಮನಗರ. ಯೋಚಿಸಲು ಹೆಚ್ಚು ಹೊತ್ತಿಲ್ಲ. ಗೂಡಿನೊಳಗೆ ಹುಳ ಕೋಶವಾಗಿದೆ. ದಿನ ಕಳೆದಂತೆ ತೂಕ ಇಳಿಯುತ್ತದೆ. ಕಾದೇ ಕೂತರೆ ಚಿಟ್ಟೆ ಗೂಡು ಸೀಳಿಕೊಂಡು ಹೊರಬರುತ್ತದೆ. ಎಳೆ ತುಂಡಾದ ಗೂಡನ್ನು ಯಾವ ರೀಲರೂ ನೂಲಿಗೆಂದು ಕೊಳ್ಳುವುದಿಲ್ಲ. ಗಾಡಿ ಯಾವ ದಿಕ್ಕಿಗೆ ಎಂಬುದು ಸಂಜೆಯೊಳಗೆ ತೀರ್ಮಾನವಾಗಬೇಕು.

ಮೊದಲು ಈ ಪ್ರಶ್ನೆ ಹಿಂದಿನ ದಿನ ಮಾರಿ ಬಂದವರಿಗೆ ಹೋಗುತ್ತಿತ್ತು. ಈಗ ಮನೆಯ ಹುಡುಗನೊಬ್ಬ ಫೋನ್ ಬಾಯಿಯ ಹತ್ತಿರ ಹಿಡಿದು ಎಐ ಸಹಾಯಕನನ್ನು ಕೇಳುತ್ತಾನೆ. ಉತ್ತರ ತಡವರಿಸದೆ ಬರುತ್ತದೆ: ಇಲ್ಲಿ ಇಷ್ಟು, ಅಲ್ಲಿ ಅಷ್ಟು, ಆದ್ದರಿಂದ ಅಲ್ಲಿಗೇ ಹೋಗಿ. ಆ ದರ ಯಾವ ದಿನದ್ದು? ಬಿಳಿಯ ದ್ವಿತಳಿಯದೋ, ಹಳದಿಯ ಮಿಶ್ರತಳಿಯದೋ? ಆ ದಿನದ ಒಂದೇ ಒಂದು ಒಳ್ಳೆಯ ಲಾಟಿಗೆ ಬಿದ್ದ ಗರಿಷ್ಠವೋ, ಸರಾಸರಿಯೋ? ಕೆಳಗೆ ಕೊಟ್ಟ ಮೂಲವನ್ನು ತೆರೆದು ನೋಡಿದರೆ ಎಂದೋ ಬಂದ ಸುದ್ದಿಯೊಂದರ ನಡುವಿನ ವಾಕ್ಯ. ತಪ್ಪು ಯಂತ್ರದ್ದು ಮಾತ್ರ ಎಂದು ನನಗನ್ನಿಸುವುದಿಲ್ಲ. ಎರಡೂ ಮಾರುಕಟ್ಟೆಗಳನ್ನು ಅಕ್ಕಪಕ್ಕ ಇಟ್ಟು, ಅಳತೆಗೋಲು ಹೇಳಿ, ಹೋಲಿಸಿ ಬರೆದ ಪುಟ ಅದಕ್ಕೆ ಸಿಕ್ಕಿರಲೇ ಇಲ್ಲ.

ಆ ಪುಟವನ್ನು ತಾನೇ ಕಟ್ಟುತ್ತೇನೆಂದು ಹುಡುಗ ಕೂತಿದ್ದಾನೆ. ಹಳೆಯ ಲ್ಯಾಪ್‌ಟಾಪಿನ ಪಕ್ಕದಲ್ಲಿ ಅಪ್ಪನ ಬಿಲ್ಲುಗಳ ಕಟ್ಟು. ಮೊದಲು ದರಪಟ್ಟಿಯ ಫೋಟೋಗಳನ್ನೇ ಹಾಕುವ ಯೋಚನೆಯಿತ್ತು, ಅದನ್ನು ಕೈಬಿಟ್ಟ. ಚಿತ್ರದೊಳಗಿನ ಅಂಕಿಯನ್ನು ಹುಡುಕುಯಂತ್ರಗಳು ಓದಿಯೇ ತೀರುತ್ತವೆಂಬ ಭರವಸೆಯಿಲ್ಲ. ಅಕ್ಷರದಲ್ಲೇ ಕೋಷ್ಟಕ ಬೇಕು. ಅಡ್ಡಸಾಲಿನಲ್ಲಿ ಮಾರುಕಟ್ಟೆಗಳು. ಉದ್ದಸಾಲಿನಲ್ಲಿ ದಿನಾಂಕ, ತಳಿ, ಕಿಲೋಗೆ ಕನಿಷ್ಠ, ಗರಿಷ್ಠ ಮತ್ತು ಸರಾಸರಿ ದರ, ಸಾಗಣೆ ಖರ್ಚು, ದಾರಿಯಲ್ಲಿ ಇಳಿಯುವ ತೂಕ, ಹಣ ಕೈಸೇರುವ ಬಗೆ, ಪ್ರೋತ್ಸಾಹಧನ ಉಂಟೋ ಇಲ್ಲವೋ. ಒಂದು ಕಿಲೋ ನೂಲಿಗೆ ಸುಮಾರು 6ರಿಂದ 8 ಕಿಲೋ ಗೂಡು ಬೇಕು. ರೀಲರು ಹರಾಜಿನಲ್ಲಿ ಹಾಕುವ ಬೆಲೆಯ ಹಿಂದಿರುವುದು ಈ ಲೆಕ್ಕ. ಅದಕ್ಕೂ ಒಂದು ಸಾಲು ಇಟ್ಟಿದ್ದಾನೆ.

ಕೋಷ್ಟಕದ ಮೇಲೆ ಮೂರೇ ವಾಕ್ಯಗಳ ಉತ್ತರ. ಸಣ್ಣ ಲಾಟ್ ಇದ್ದವರಿಗೆ ಯಾವುದು ಒಳ್ಳೆಯದು, ಒಳ್ಳೆಯ ದ್ವಿತಳಿ ತುಂಬ ಇದ್ದವರಿಗೆ ಯಾವುದು, ಎಷ್ಟು ರೂಪಾಯಿ ವ್ಯತ್ಯಾಸವಿದ್ದರೆ ದೂರದ ದಾರಿ ಗಿಟ್ಟುತ್ತದೆ. ಎಲ್ಲರಿಗೂ ಒಂದೇ ಮಾರುಕಟ್ಟೆ ಗೆಲ್ಲುತ್ತದೆಂದು ಬರೆದರೆ ಅದು ಜಾಹೀರಾತಾಗುತ್ತದೆ.

ಎಐ ಸಹಾಯಕಗಳು ಸಾಮಾನ್ಯವಾಗಿ ಪುಟವನ್ನು ಇಡಿಯಾಗಿ ಎತ್ತಿಕೊಳ್ಳುವುದಿಲ್ಲ. ಕೇಳಿದ್ದನ್ನು ಸಣ್ಣ ಪ್ರಶ್ನೆಗಳಾಗಿ ಒಡೆದು, ಒಂದೊಂದಕ್ಕೂ ಹೊಂದುವ ತುಣುಕನ್ನು ಬೇರೆ ಬೇರೆ ಪುಟಗಳಿಂದ ಆಯ್ದು, ಮೂಲದ ಹೆಸರು ಹಾಕುತ್ತವೆ. ಹಾಗಾಗಿ ‘ಅಲ್ಲಿ ಇದಕ್ಕಿಂತ ಜಾಸ್ತಿ’ ಎಂಬ ವಾಕ್ಯ ಕಿತ್ತು ತೆಗೆದ ಕೂಡಲೇ ಸತ್ತುಹೋಗುತ್ತದೆ. ‘ಹಿಂದೂಪುರ ಮಾರುಕಟ್ಟೆಯಲ್ಲಿ ದ್ವಿತಳಿ ಗೂಡಿನ ಸರಾಸರಿ ದರ, ಇಂಥ ತಾರೀಖಿನಂದು, ಕಿಲೋಗೆ ಇಷ್ಟು’ ಎಂದರೆ ಎಲ್ಲಿಟ್ಟರೂ ಅರ್ಥ ಕೆಡದು. ಇದು ಈ ನೆಲಕ್ಕೆ ಹೊಸ ಪಾಠವೇನಲ್ಲ. ಹಿಂದೂಪುರದ ಪಕ್ಕದ ಲೇಪಾಕ್ಷಿಯಲ್ಲಿ ವಿಜಯನಗರದ ಅಚ್ಯುತರಾಯನ ಕಾಲದ ಕನ್ನಡ ಶಾಸನಗಳಿವೆ. ಯಾವ ವರ್ಷ, ಯಾವ ತಿಥಿ, ಯಾರು ಯಾರಿಗೆ ಕೊಟ್ಟರು, ಯಾವ ಊರು ಎಂಬುದನ್ನೆಲ್ಲ ಶಾಸನ ತನ್ನೊಳಗೇ ಹೊತ್ತಿರುತ್ತದೆ. ಬರೆದವರು ಇಲ್ಲದ ಕಾಲದಲ್ಲಿ, ಅವರನ್ನು ಅರಿಯದವರು ಓದುತ್ತಾರೆಂಬ ಎಚ್ಚರ ಅದು. ತುಣುಕು ಹೆಕ್ಕುವ ಯಂತ್ರಕ್ಕೆ ಬರೆಯುವಾಗಲೂ ಅದೇ ಎಚ್ಚರ ಬೇಕು.

2023ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ, ದೆಹಲಿ ಐಐಟಿ ಮೊದಲಾದೆಡೆಯ ಸಂಶೋಧಕರು ಸೇರಿ, ಎಂಥ ಪುಟಗಳನ್ನು ಯಂತ್ರ ಹೆಚ್ಚು ಎತ್ತಿಕೊಳ್ಳುತ್ತದೆಂದು ಪರೀಕ್ಷಿಸಿದರು. ಅಂಕಿಅಂಶ, ಮೂಲದ ಉಲ್ಲೇಖ, ತಿಳಿದವರ ಮಾತು ಸೇರಿಸಿದ ಪುಟಗಳು ಎಐ ಉತ್ತರಗಳಲ್ಲಿ ಕಾಣಿಸಿಕೊಳ್ಳುವುದು ಶೇ 40ರವರೆಗೂ ಹೆಚ್ಚಿತು. ಒಂದೇ ಪದವನ್ನು ಮತ್ತೆ ಮತ್ತೆ ತುರುಕುವ ಹಳೆಯ ಚಾಳಿಯಿಂದ ಪ್ರಯೋಜನ ಕಾಣಲಿಲ್ಲ. ನನಗೆ ಇದು ಸಮಾಧಾನದ ಸುದ್ದಿ. ರೈತನಿಗೆ ಬೇಕಾದದ್ದೂ ಯಂತ್ರ ಎತ್ತಿಕೊಳ್ಳುವುದೂ ಹೆಚ್ಚುಕಡಿಮೆ ಒಂದೇ ಎಂದಾಯಿತು. ಉಲ್ಲೇಖ ಸಿಕ್ಕೇ ಸಿಗುತ್ತದೆಂದು ಯಾರೂ ಮಾತು ಕೊಡಲಾರರು. ಆದರೆ ಗಡಿಯ ಎರಡೂ ಕಡೆಯ ಬಿಲ್ಲುಗಳು ಇಂಥ ಮನೆಗಳ ಗೋಡೆಗೂಡುಗಳಲ್ಲಿ ಮಾತ್ರ ಇವೆ. ದೂರದ ನಗರದಲ್ಲಿ ಕೂತು ಬರೆಯುವವರ ಬಳಿ ಅವಿಲ್ಲ.

ಹುಡುಗ ಪುಟವನ್ನು ಎರಡು ಭಾಷೆಯಲ್ಲೂ ಬರೆಯುತ್ತಿದ್ದಾನೆ. ಕನ್ನಡದ್ದು ಮುಗಿದಿದೆ, ತೆಲುಗಿನದು ಅರ್ಧ. ಒಂದು ದಿನದ ದರ ಮರುದಿನಕ್ಕೆ ಹಳತು, ಆದ್ದರಿಂದ ಪ್ರತಿ ಸಾಲಿನ ಕೊನೆಗೆ ‘ಈ ದಿನಕ್ಕೆ ಮಾತ್ರ’ ಎಂದು ಸೇರಿಸಿದ್ದಾನೆ. ಅವನಮ್ಮ ಗೂಡು ಬಿಡಿಸುತ್ತಲೇ ಇನ್ನೊಂದು ಸಾಲು ಹೇಳಿದರು: ಹರಾಜಿನಲ್ಲಿ ಬೆಲೆ ಒಪ್ಪದಿದ್ದರೆ ಆ ರಾತ್ರಿ ಗೂಡನ್ನು ಎಲ್ಲಿಡಬೇಕು, ಅದಕ್ಕೆಷ್ಟು ಖರ್ಚು. ಅದು ಯಾವ ದರಪಟ್ಟಿಯಲ್ಲೂ ಇರಲಿಲ್ಲ. ಅವನು ಅದನ್ನು ಸರಾಸರಿ ದರದ ಕೆಳಗೇ ಬರೆದುಕೊಂಡ.