ಕಾಫಿ ಕೆಟ್ಟಿತೆ? ಬೀಜವನ್ನು ಬೈಯುವ ಮುನ್ನ...

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಕಾಫಿಯ ರುಚಿ ಕೆಟ್ಟಿತು. ಬಾಯಿಗಿಟ್ಟರೆ ಹಳೆಯ ಕರಿದ ಎಣ್ಣೆಯ ಕಮಟು. ಹಾಲು ಬದಲಾಯಿಸಿದೆವು, ಫಿಲ್ಟರನ್ನು ಕುದಿಯುವ ನೀರಿನಲ್ಲಿ ಅದ್ದಿ ತೊಳೆದೆವು. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ನಾನು ಬೀಜ ಕೊಳ್ಳುವ ಅಂಗಡಿಗೆ ಹೋಗಿ, ನಾಲ್ಕು ಜನ ಗಿರಾಕಿಗಳ ಎದುರಿಗೇ, ‘ಹಳೆಯ ಬೀಜ ಕೊಟ್ಟಿದ್ದೀರಿ’ ಎಂದು ಆಡಿಬಿಟ್ಟೆ. ಅಂಗಡಿಯ ಹಿರಿಯರು ಎದುರಾಡಲಿಲ್ಲ. ಅಂದೇ ಹುರಿದ ಕಾಲು ಕಿಲೋ ಬೀಜವನ್ನು ಪೊಟ್ಟಣ ಕಟ್ಟಿ ಕೊಟ್ಟರು, ದುಡ್ಡು ಮುಟ್ಟಲಿಲ್ಲ.

ಆ ಬೀಜದ ಕಾಫಿಯೂ ಕಮಟಾಗಿಯೇ ಇತ್ತು!

‘ಅಪ್ಪಾ, ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದೇ ಅಂಶ ಬದಲಾಯಿಸಬೇಕು ಅಂತ ನೀವೇ ಹೇಳ್ತೀರಲ್ಲ? ಮಿಷನ್ನನ್ನು ಯಾಕೆ ಬದಲಾಯಿಸಿ ನೋಡಲಿಲ್ಲ?’ ಎಂದಳು ಹತ್ತನೆಯ ತರಗತಿಯ ಮಗಳು. ಅದೇ ಬೀಜದಲ್ಲಿ ಒಂದು ಹಿಡಿ ತೆಗೆದುಕೊಂಡು ಹೋಗಿ ಪಕ್ಕದ ಮನೆಯ ಅಜ್ಜಿಯ ಕೈಮಿಷನ್ನಿನಲ್ಲಿ ಪುಡಿ ಮಾಡಿಸಿ ತಂದಳು. ಫಿಲ್ಟರೂ ಅದೇ, ಹಾಲೂ ಅದೇ. ಕಾಫಿ ಮಾತ್ರ ಘಮಘಮ! ಎರಡು ವರ್ಷಗಳಿಂದ ಬಿಚ್ಚದಿದ್ದ ನಮ್ಮ ವಿದ್ಯುತ್ ಮಿಷನ್ನೇ ಅಪರಾಧಿ. ತೆರೆದು ನೋಡಿದರೆ ಹಲ್ಲುಗಳ ಸಂದಿನಲ್ಲಿ ಕಪ್ಪು ಅಂಟು ಮೆತ್ತಿಕೊಂಡಿತ್ತು.

ಬೀಸುಕಲ್ಲಿನ ತತ್ತ್ವ

ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದು. ಆದರೂ ಅದನ್ನು ಪುಡಿ ಮಾಡುವ ಯಂತ್ರದ ಒಳಗೆ ಏನಿದೆ ಎಂದು ನಾವು ಇಣುಕುವುದು ಅಪರೂಪ. ಮಿಕ್ಸಿಯ ಬ್ಲೇಡು ಬೀಜವನ್ನು ಸಿಕ್ಕಂತೆ ಕೊಚ್ಚುತ್ತದೆ. ಕಾಫಿ ಮಿಷನ್ನಿನಲ್ಲಾದರೋ ಹಲ್ಲುಗಳಿರುವ ಎರಡು ಬಿಲ್ಲೆಗಳು, ಅಥವಾ ಒಂದರೊಳಗೊಂದು ಕೂರುವ ಶಂಕು ಮತ್ತು ಬಳೆ ಇರುತ್ತವೆ. ಒಂದು ನಿಂತಿರುತ್ತದೆ, ಇನ್ನೊಂದು ತಿರುಗುತ್ತದೆ. ನಡುವಿನ ಅಂತರ ಎಷ್ಟೋ ಪುಡಿಯ ಹದ ಅಷ್ಟು. ಇದು ನಮ್ಮ ಬೀಸುಕಲ್ಲಿನ ತತ್ತ್ವವೇ. ಮುಂದೆ ಮೋಟಾರು ಕಾರುಗಳಿಂದ ಹೆಸರಾದ ಫ್ರಾನ್ಸಿನ ಪ್ಯೂಜೊ ಸಂಸ್ಥೆ 1840ರಲ್ಲೇ ಇಂಥ ಕೈಯಂತ್ರ ತಯಾರಿಸಿತ್ತು.

ಕಮಟು ಬರುವುದೇಕೆ?

ಅರೇಬಿಕಾ ಬೀಜದ ತೂಕದಲ್ಲಿ ಸುಮಾರು ಶೇ. 15ರಷ್ಟು ಎಣ್ಣೆ, ರೊಬಸ್ಟಾದಲ್ಲಿ ಸುಮಾರು ಶೇ. 10. ಕಪ್ಪಗೆ ಹುರಿದಷ್ಟೂ ಈ ಎಣ್ಣೆ ಹೊರಮೈಗೆ ಬರುತ್ತದೆ. ಬೀಸುವಾಗ ಅದು ಹಲ್ಲುಗಳಿಗೆ ಮೆತ್ತಿ, ನುಣ್ಣನೆಯ ಪುಡಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಣ್ಣೆಯಲ್ಲಿರುವ ಲಿನೋಲಿಕ್ ಆಮ್ಲದಂಥ ಅಪರ್ಯಾಪ್ತ ಕೊಬ್ಬಿನಾಮ್ಲಗಳು ಗಾಳಿಯ ಆಮ್ಲಜನಕದೊಡನೆ ವರ್ತಿಸಿದಾಗ ಕೆಟ್ಟ ವಾಸನೆಯ ಸಂಯುಕ್ತಗಳು ಹುಟ್ಟುತ್ತವೆ. ಹಳೆಯ ಚಕ್ಕುಲಿ ಕಮಟುವುದೂ ಹೀಗೆಯೇ.

ಪುಡಿ ಬೇಗ ಕೆಡುವುದೇಕೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ. ಒಂದು ಸೆಂಟಿಮೀಟರ್ ಬದಿಯ ಘನದ ಮೇಲ್ಮೈ 6 ಚದರ ಸೆಂ.ಮೀ. ಅದನ್ನು ಒಂದು ಮಿಲಿಮೀಟರಿನ ಸಾವಿರ ತುಂಡು ಮಾಡಿದರೆ ಒಟ್ಟು ಮೇಲ್ಮೈ 60 ಚದರ ಸೆಂ.ಮೀ. ವಸ್ತು ಅಷ್ಟೇ, ಗಾಳಿಗೆ ಒಡ್ಡಿದ ಮೈ ಮಾತ್ರ ಹತ್ತು ಪಟ್ಟು!

ಶುಚಿ ಮಾಡುವ ಕ್ರಮ

ಮೊದಲು ಪ್ಲಗ್ಗನ್ನು ಗೋಡೆಯಿಂದ ಕೀಳಿ. ಸ್ವಿಚ್ ಆರಿಸಿದರೆ ಸಾಲದು. ಕೈ ತಗುಲಿ ಯಂತ್ರ ತಿರುಗಿದರೆ ಬೆರಳು ಉಳಿಯುವುದಿಲ್ಲ. ಮಕ್ಕಳು ಹಿರಿಯರನ್ನು ಜೊತೆಗಿಟ್ಟುಕೊಂಡೇ ಇದನ್ನು ಮಾಡಬೇಕು.

ಹದ ಹೊಂದಿಸುವ ತಿರುಪು ಎಲ್ಲಿದೆಯೆಂದು ಗುರುತು ಮಾಡಿಕೊಂಡು, ಯಂತ್ರದ ಕೈಪಿಡಿಯಲ್ಲಿ ಹೇಳಿದಂತೆ ಬಿಚ್ಚಿ. ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಡಿ. ಜೋಡಿಸುವಾಗ ಅದೇ ಸಾಲು, ಹಿಂದುಮುಂದಾಗಿ.

ಹಲ್ಲುಗಳನ್ನು ಒಣ ಬ್ರಷ್ಷಿನಿಂದ ಉಜ್ಜಿ. ಹಳೆಯ ಟೂತ್‌ಬ್ರಷ್ ಸಾಕು. ಸಂದಿಗೆ ಮರದ ಕಡ್ಡಿ ಬಳಸಿ, ಸೂಜಿ ಚಾಕು ಬೇಡ. ಪುಡಿ ಹೊರಬರುವ ದಾರಿಯನ್ನೂ ಮರೆಯಬೇಡಿ. ಬೀಜ ಹಾಕುವ ಪ್ಲಾಸ್ಟಿಕ್ ಬಟ್ಟಲನ್ನು ಮಾತ್ರ ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಹಲ್ಲುಗಳಿಗೆ ನೀರು ಬೇಡ: ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಉಳಿದ ಪುಡಿ ಕೆಸರಾಗಿ ಗಟ್ಟಿಯಾಗುತ್ತದೆ. ಅಡುಗೆ ಎಣ್ಣೆಯನ್ನೂ ಸವರಬೇಡಿ; ಕಾಲಕ್ರಮೇಣ ಅದೂ ಕಮಟಿ ಅಂಟಾಗುತ್ತದೆ.

ಜೋಡಿಸಿದ ಮೇಲೆ ಒಂದು ಚಮಚ ಹುರಿದ ಬೀಜ ಬೀಸಿ, ಆ ಪುಡಿಯನ್ನು ಗಿಡದ ಬುಡಕ್ಕೆ ಹಾಕಿ. ದಿನವೂ ಬಳಸುವ ಮನೆಯಲ್ಲಿ ವಾರಕ್ಕೊಮ್ಮೆ ಹೊರಗಿನ ಬ್ರಷ್ಷು, ತಿಂಗಳಿಗೊಮ್ಮೆ ಬಿಚ್ಚಿ ಶುಚಿ ಮಾಡುವ ರೂಢಿ ಇರಲಿ.

ಮಾಡಬಾರದ್ದು

ಶುಚಿಯಾಗಲೆಂದು ಕೆಲವರು ಹಸಿ ಅಕ್ಕಿ ಬೀಸುತ್ತಾರೆ. ಹುರಿದ ಬೀಜ ಬೆರಳಲ್ಲಿ ಒತ್ತಿದರೆ ಒಡೆಯುತ್ತದೆ, ಅಕ್ಕಿ ಒಡೆಯುವುದಿಲ್ಲ. ಹುರಿದ ಬೀಜಕ್ಕೆಂದು ಮಾಡಿದ ಸಣ್ಣ ಮೋಟಾರಿಗೆ ಅದು ಭಾರ. ಹಿಟ್ಟೂ ಒಳಗೆ ಉಳಿಯುತ್ತದೆ. ಹುರಿಯದ ಕಾಫಿ ಬೀಜವೂ ಹಾಗೆಯೇ ಗಟ್ಟಿ. ಮೆಣಸು, ಕೊತ್ತಂಬರಿ ಬೀಸಿದರೆ ವಾಸನೆ ಬಿಡದು. ಚಿಕೋರಿ ಗಾಳಿಯ ತೇವ ಹೀರಿ ಅಂಟಾಗುವುದರಿಂದ ಅದನ್ನು ಕಾಫಿಪುಡಿಗೆ ಆಮೇಲೆ ಬೆರೆಸಿ. ಬೀಜವನ್ನು ಮೊರದಲ್ಲಿ ಹಸನು ಮಾಡಿಯೇ ಹಾಕಿ. ಒಂದು ಕಲ್ಲು ಸಿಕ್ಕರೆ ಹಲ್ಲು ಮುರಿದೀತು.

ಪುಡಿ ಗೋಡೆಗೆ ಅಂಟುವುದು ಸ್ಥಾಯಿ ವಿದ್ಯುತ್ತಿನಿಂದ. ಬಾಚಣಿಗೆ ಕಾಗದದ ಚೂರನ್ನು ಎಳೆಯುವಂತೆ. ಬೀಜಕ್ಕೆ ತುಸು ನೀರು ಸೋಕಿಸಿ ಬೀಸಿದರೆ ಈ ವಿದ್ಯುದಂಶ ತಗ್ಗುತ್ತದೆಂದು ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದರು. ಒದ್ದೆ ಚಮಚದ ಹಿಡಿಯಿಂದ ಬೀಜ ಕಲಕಿದರೆ ಸಾಕು. ತುಕ್ಕು ಹಿಡಿಯುವ ಕಬ್ಬಿಣದ ಕೈಮಿಷನ್ನಿಗೆ ಅದೂ ಬೇಡ.

ಶುಚಿ ಮಾಡಿದ ಮೇಲೂ ಬೀಸಲು ಹೊತ್ತು ಹಿಡಿದರೆ, ಪುಡಿ ಬಿಸಿಯಾದರೆ, ದೂಳೂ ತರಿಯೂ ಬೆರೆತು ಬಂದರೆ ಹಲ್ಲು ಸವೆದಿದೆ ಎಂದರ್ಥ. ದೂಳು ಹೆಚ್ಚಾದಾಗ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯದೆ ನಿಲ್ಲುತ್ತದೆ. ಬೀಸುಕಲ್ಲನ್ನು ಉಳಿಯಿಂದ ಹೊಡೆಸಿ ಮತ್ತೆ ತರಿಯಾಗಿಸುತ್ತಿದ್ದರು. ಇಲ್ಲಿ ಮನೆಯಲ್ಲೇ ಅರದಿಂದ ಉಜ್ಜಿದರೆ ಎರಡು ಮೈಗಳ ಸಮಾನಾಂತರ ತಪ್ಪುತ್ತದೆ. ಹೊಸದನ್ನು ಹಾಕಿಸುವುದೇ ಲೇಸು.

ಮಿಷನ್ನು ಶುಚಿಯಾದ ಮರುದಿನ ಮಗಳೊಡನೆ ಆ ಅಂಗಡಿಗೆ ಹೋದೆ. ಅಂದೂ ಗಿರಾಕಿಗಳಿದ್ದರು. ಅವರೆದುರಿಗೇ ತಪ್ಪು ನನ್ನದೆಂದು ಹೇಳಿ, ಕಾಲು ಕಿಲೋದ ದುಡ್ಡನ್ನು ಮುಂದಿಟ್ಟೆ. ಹಿರಿಯರು ನಕ್ಕು, ‘ಮೇಷ್ಟ್ರೇ, ಮೊದಲು ಮಿಷನ್ನು ಬಿಚ್ಚಿ ಅಂತ ನಾನೇ ಹೇಳಬಹುದಿತ್ತು, ನೀವು ಸಿಟ್ಟಿನಲ್ಲಿದ್ದಿರಿ’ ಎಂದರು. ತರಗತಿಯಲ್ಲಿ ವರ್ಷಗಟ್ಟಲೆ ಹೇಳಿಕೊಟ್ಟ ಪಾಠ ಮನೆಯಲ್ಲಿ ನನಗೇ ನೆನಪಾಗಿರಲಿಲ್ಲ. ಈಗ ತಿಂಗಳ ಮೊದಲ ಭಾನುವಾರ ನಮ್ಮ ಮಿಷನ್ನು ಬಿಚ್ಚುವ ದಿನ.