ಹಿಂಬಡ್ತಿ ಎಂದರೇನು? ಫಡ್ನವೀಸ್, ಶಿಂಧೆ ಸುದ್ದಿಯಲ್ಲಿ ಕೇಳಿಬಂದ ಪದದ ಅಸಲಿ ಅರ್ಥ ಇಲ್ಲಿದೆ

ಮುಂಬೈ: 2022ರ ಜೂನ್ 30ರ ಸಂಜೆ ಮುಂಬೈನ ರಾಜಭವನದಲ್ಲಿ ಏಕನಾಥ್ ಶಿಂಧೆ ಮುಖ್ಯಮಂತ್ರಿಯಾಗಿ ಪ್ರಮಾಣ ವಚನ ಸ್ವೀಕರಿಸಿದರು. ಅದೇ ವೇದಿಕೆಯಲ್ಲಿ ಉಪಮುಖ್ಯಮಂತ್ರಿಯಾಗಿ ಪ್ರಮಾಣ ಸ್ವೀಕರಿಸಿದವರು ಮಾಜಿ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್. ಸರ್ಕಾರದಿಂದ ಹೊರಗಿರುವುದಾಗಿ ಕೆಲವೇ ಗಂಟೆಗಳ ಮೊದಲು ಅವರು ಹೇಳಿದ್ದರು. 2024ರ ಡಿಸೆಂಬರ್ 5ರಂದು ಆಜಾದ್ ಮೈದಾನದಲ್ಲಿ ಕುರ್ಚಿ ಅದಲುಬದಲಾಯಿತು. ಫಡ್ನವೀಸ್ ಮುಖ್ಯಮಂತ್ರಿ, ಶಿಂಧೆ ಉಪಮುಖ್ಯಮಂತ್ರಿ! ಹಾಗಾದರೆ ಇದು ಹಿಂಬಡ್ತಿಯೇ?

ಮೊದಲು ಪದ ನೋಡೋಣ. ಕನ್ನಡದ 'ಬಡ್ತಿ'ಯೂ ಮರಾಠಿಯ 'ಬಢತಿ'ಯೂ ಒಂದೇ; ಅರ್ಥ ಏರಿಕೆ. ಅದಕ್ಕೆ 'ಹಿಂ' ಸೇರಿಸಿ ಹಿಂಬಡ್ತಿ ಮಾಡಿಕೊಂಡಿದ್ದೇವೆ. ಹಿಂದಕ್ಕೆ ಏರುವುದು ಹೇಗೆ ಎಂದು ಕೇಳಬೇಡಿ, ಪದವಂತೂ ಚಲಾವಣೆಯಲ್ಲಿದೆ. ಮರಾಠಿಯಲ್ಲಿ ಇದಕ್ಕೆ 'ಪದಾವನತಿ' ಎನ್ನುತ್ತಾರೆ.

ಕಾನೂನಿನ ಕಣ್ಣಲ್ಲಿ ಫಡ್ನವೀಸ್, ಶಿಂಧೆ ಅವರದ್ದು ಹಿಂಬಡ್ತಿ ಅಲ್ಲ. ಉಪಮುಖ್ಯಮಂತ್ರಿ ಎಂಬ ಹುದ್ದೆ ಸಂವಿಧಾನದಲ್ಲೇ ಇಲ್ಲ. ಆ ಹೆಸರಿದ್ದರೂ ಅವರು ಒಬ್ಬ ಸಚಿವರು ಮಾತ್ರ ಎಂದು ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ಹೇಳಿದೆ. ಒಪ್ಪಿ ಪ್ರಮಾಣ ಸ್ವೀಕರಿಸಿದವರಿಗೆ ಅದು ಶಿಕ್ಷೆಯೂ ಅಲ್ಲ. 'ಎತ್ತಂಗಡಿ'ಯೂ ಬೇರೆಯೇ. 2021ರ ಮಾರ್ಚ್‌ನಲ್ಲಿ ಮುಂಬೈ ಪೊಲೀಸ್ ಆಯುಕ್ತ ಪರಮ್ ಬೀರ್ ಸಿಂಗ್ ಅವರನ್ನು ಹೋಂ ಗಾರ್ಡ್ಸ್‌ಗೆ ಕಳುಹಿಸಿದಾಗ ಕುರ್ಚಿ ಬದಲಾಯಿತು, ದರ್ಜೆ ಇಳಿಯಲಿಲ್ಲ.

ಈ ಪದ ನಿಜಕ್ಕೂ ಭಾರವಾಗುವುದು ಸರ್ಕಾರಿ ನೌಕರರಿಗೆ. ಮಂತ್ರಾಲಯದ ಗುಮಾಸ್ತರಿರಲಿ, ಚರ್ಚ್‌ಗೇಟ್‌ನ ರೈಲ್ವೆ ಸಿಬ್ಬಂದಿ ಇರಲಿ, ದರ್ಜೆ ಇಳಿದರೆ ಸಂಬಳ ಇಳಿಯುತ್ತದೆ, ಮುಂದೆ ಪಿಂಚಣಿಗೂ ಏಟು ಬೀಳಬಹುದು. ಅದಕ್ಕೇ ಸಂವಿಧಾನದ 311ನೇ ವಿಧಿ ವಜಾ, ಸೇವೆಯಿಂದ ತೆಗೆದುಹಾಕುವುದು ಮತ್ತು ದರ್ಜೆ ಇಳಿಸುವುದನ್ನು ಒಂದೇ ಸಾಲಿನಲ್ಲಿ ಇಟ್ಟಿದೆ. ಆರೋಪ ತಿಳಿಸಿ, ವಿಚಾರಣೆ ನಡೆಸಿ, ವಾದ ಕೇಳದೆ ಇವುಗಳಲ್ಲಿ ಯಾವುದನ್ನೂ ಮಾಡುವಂತಿಲ್ಲ. ಕ್ರಿಮಿನಲ್ ಪ್ರಕರಣದಲ್ಲಿ ಶಿಕ್ಷೆಯಾಗಿದ್ದರೆ, ಅಥವಾ ದೇಶದ ಭದ್ರತೆಯ ವಿಷಯವಾಗಿದ್ದರೆ, ಹೀಗೆ ಕೆಲವು ವಿನಾಯಿತಿಗಳಿವೆ.

ಆದರೆ ಹಂಗಾಮಿಯಾಗಿ ಮೇಲಿನ ಹುದ್ದೆಯಲ್ಲಿದ್ದವರನ್ನು ಮೂಲ ಹುದ್ದೆಗೆ ಕಳುಹಿಸಿದರೆ? ಅದು ತನ್ನಷ್ಟಕ್ಕೇ ಶಿಕ್ಷೆಯಲ್ಲ ಎಂದು ರೈಲ್ವೆ ನೌಕರ ಪರಶೋತ್ತಮ್ ಲಾಲ್ ಧಿಂಗ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿತ್ತು. ಅದರ ಜೊತೆ ಸಂಬಳ ಕಡಿತ, ಜ್ಯೇಷ್ಠತೆ ನಷ್ಟದಂತಹ ದಂಡನೆ ಸೇರಿದರೆ ಮಾತ್ರ ಅದು ಶಿಕ್ಷೆ.

ತಪ್ಪೇ ಮಾಡದೆ ಹಿಂಬಡ್ತಿ ಆಗುವುದೂ ಉಂಟು. ಕರ್ನಾಟಕದಲ್ಲಿ ಈ ಪದ ಮನೆಮಾತಾಗಿದ್ದೇ ಹಾಗೆ. ಬಡ್ತಿ ಮೀಸಲಾತಿಗೆ ಸಂಬಂಧಿಸಿದ 2002ರ ಕಾಯ್ದೆಯ ಜ್ಯೇಷ್ಠತೆ ನಿಯಮಗಳನ್ನು ಬಿ.ಕೆ. ಪವಿತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಫೆಬ್ರವರಿ 9ರಂದು ರದ್ದುಪಡಿಸಿತು. ಜ್ಯೇಷ್ಠತಾ ಪಟ್ಟಿ ಬದಲಾಗಿ ಪರಿಶಿಷ್ಟ ಜಾತಿ, ಪಂಗಡದ ಅನೇಕ ನೌಕರರು ಕೆಳಗಿಳಿಯಬೇಕಾಯಿತು. ಸರ್ಕಾರ 2018ರಲ್ಲಿ ಹೊಸ ಕಾಯ್ದೆ ತಂದಿತು. 2019ರ ಮೇ 10ರಂದು ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಅಂಧೇರಿಯ ಖಾಸಗಿ ಕಂಪನಿಯಲ್ಲಿ ದುಡಿಯುವವರಿಗೆ 311ನೇ ವಿಧಿಯ ರಕ್ಷಣೆ ಇಲ್ಲ. ಮುಂಬೈ ಮಹಾನಗರ ಪಾಲಿಕೆ ನೌಕರರೂ ಅದರ ವ್ಯಾಪ್ತಿಗೆ ಬರುವುದಿಲ್ಲ, ಅವರಿಗೆ ಪಾಲಿಕೆಯದೇ ಸೇವಾ ನಿಯಮಗಳಿವೆ. ಖಾಸಗಿ ನೌಕರರು ಮೊದಲು ನೋಡಬೇಕಾದದ್ದು ತಮ್ಮ ನೇಮಕಾತಿ ಪತ್ರದ ಷರತ್ತುಗಳನ್ನು.