ಹೊಸ ಸೂಜಿ ಯಾಕೆ ಕೊಡ್ತಾರೆ?

ಮಾದಕ ವಸ್ತು ಚುಚ್ಚಿಕೊಳ್ಳುವವರಿಗೆ ಹೊಸ ಸೂಜಿ ಕೊಡೋದಾ? ಕೇಳಿದ ಕೂಡಲೇ ಸಿಟ್ಟು ಬರಬಹುದು. ಮೊದಲು ಮಣಿಪುರದ ಕಥೆ ಕೇಳಿ.

1980ರ ದಶಕದಲ್ಲಿ ಮ್ಯಾನ್ಮಾರ್ ಗಡಿ ದಾಟಿ ಅಲ್ಲಿಗೆ ಹೆರಾಯಿನ್ ಬಂತು. ಜನ ಅದಕ್ಕೆ 'ನಂಬರ್ ಫೋರ್' ಅಂತಿದ್ರು. ಜೇಬಲ್ಲಿ ಸಿರಿಂಜ್ ಸಿಕ್ಕರೆ ಪೊಲೀಸರ ಭಯ. ಹಾಗಾಗಿ ಒಂದೇ ಸೂಜಿ ಹಲವರ ಕೈ ದಾಟುತ್ತಿತ್ತು. ಸೂಜಿಯಲ್ಲಿ ಉಳಿದ ಚೂರು ರಕ್ತ ಸಾಕು, ಎಚ್‌ಐವಿ ಇನ್ನೊಬ್ಬರಿಗೆ ದಾಟೋಕೆ. 1990ರ ಹೊತ್ತಿಗೆ, ಪರೀಕ್ಷೆ ಮಾಡಿಸಿಕೊಂಡ ವ್ಯಸನಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಸೋಂಕಿತ್ತು.

ಬೈದರೆ, ಹೊಡೆದರೆ, ಜೈಲಿಗೆ ಹಾಕಿದರೆ ಅವರು ಇನ್ನಷ್ಟು ಅಡಗಿಕೊಂಡರು. ಅವರನ್ನು ತಲುಪಿದ್ದು ಆ ನರಕ ಕಂಡು ಬಂದವರೇ. ಹಿಂದೆ ವ್ಯಸನಿಗಳಾಗಿದ್ದವರು ಸೇರಿ 1991ರಲ್ಲಿ ಇಂಫಾಲದಲ್ಲಿ 'ಸಾಸೊ' ಸಂಸ್ಥೆ ಕಟ್ಟಿದರು. ಹಳೇ ಸೂಜಿ ಪಡೆದು ಹೊಸದು ಕೊಡೋದು, ಗಾಯಕ್ಕೆ ಔಷಧಿ ಹಚ್ಚೋದು, ರಕ್ತ ಪರೀಕ್ಷೆಗೆ ಜೊತೆಯಲ್ಲೇ ಹೋಗೋದು: ಇಂಥ ಕೆಲಸ. ತಮ್ಮವನೇ ಹೇಳಿದಾಗ ಮಾತು ನಾಟುತ್ತೆ. ಬಿಳಿ ಕೋಟಿಗೆ ಸಿಗದ ನಂಬಿಕೆ ಅದು.

ಇದರ ಜೊತೆಗೆ ಬ್ಯುಪ್ರೆನಾರ್ಫಿನ್ ಮಾತ್ರೆ. ಸಾಮಾನ್ಯವಾಗಿ ಕೇಂದ್ರದಲ್ಲಿ, ಸಿಬ್ಬಂದಿಯ ಕಣ್ಣೆದುರೇ ನಾಲಿಗೆ ಕೆಳಗೆ ಇಟ್ಟುಕೊಳ್ಳಬೇಕು. ಹೆರಾಯಿನ್‌ನ ತುಡಿತ ತಗ್ಗುತ್ತೆ, ಸೂಜಿಯ ಹಂಗು ಕಡಿಮೆಯಾಗುತ್ತೆ, ಕೆಲಸಕ್ಕೆ ಹೋಗೋಕಾಗುತ್ತೆ.

ಇದು ಚಟಕ್ಕೆ ಕುಮ್ಮಕ್ಕಲ್ಲ. ಚಟ ಬಿಡೋ ದಿನದವರೆಗೆ ಮನುಷ್ಯ ಬದುಕಿರಬೇಕಲ್ವಾ? ಸೋಂಕು ತಡೆಯೋಕೆ ಹೀಗೆ ಸೂಜಿ ಕೊಡೋದು ಅಪರಾಧವಲ್ಲ ಅಂತ 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತೆ.

ನಿಮ್ಮವರು ಯಾರಾದರೂ ಈ ಸಂಕಟದಲ್ಲಿದ್ದರೆ ದೂರ ತಳ್ಳಬೇಡಿ. ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಉಚಿತ.